ಉತ್ತರಾಭಿಮುಖ ಮೂರ್ತಿಯೂ ಸೂರ್ಯಪ್ರಕಾಶವೂ: ಬೆಳ್ಗೊಳದ ಗೊಮ್ಮಟನ ಛಾಯಾಚಿತ್ರಗಳನ್ನು ಕುರಿತು

ಕರ್ನಾಟಕದ ಜೈನರ ಮನೆಗಳಲ್ಲಿ ಶ್ರವಣಬೆಳ್ಗೊಳದ ಭಗವಾನ್ ಬಾಹುಬಲಿಯ ಚಿತ್ರವಿಲ್ಲದ ಮನೆ ವಿರಳ. ಬೆಟ್ಟವನ್ನೇರಿ ದರ್ಶನ ಪಡೆಯುವುದಕ್ಕೆ ಎಷ್ಟೋ ವರ್ಷಗಳ ಮೊದಲೇ ಶ್ರಾವಕರ ಮಕ್ಕಳು ಗೋಡೆಯ ಮೇಲಿನ ಚೌಕಟ್ಟಿನಲ್ಲಿ ಆ ಮಂದಸ್ಮಿತವನ್ನು ಕಂಡು ಬೆಳೆದಿರುತ್ತಾರೆ. ದೂರದ ಪ್ರಾಂತಗಳಲ್ಲಿಯೂ ವಿದೇಶಗಳಲ್ಲಿಯೂ ನೆಲೆಸಿದವರಿಗಂತೂ ಚಿತ್ರವೇ ದರ್ಶನ. ಆದರೆ ಇಂತಹ ಹತ್ತು ಚಿತ್ರಗಳನ್ನು ಒಂದೆಡೆ ಇರಿಸಿ ನೋಡಿದವರಿಗೆ ಒಂದು ವಿಸ್ಮಯ ಕಾದಿರುತ್ತದೆ. ಒಂದರಲ್ಲಿ ಸ್ವಾಮಿಯ ತುಟಿಯಂಚಿನಲ್ಲಿ ನಗೆ ಸ್ಪಷ್ಟ; ಇನ್ನೊಂದರಲ್ಲಿ ಅದು ಕಾಣದೆ ಮುಖವು ಕಠೋರವಾಗಿದೆ. ಒಂದರಲ್ಲಿ ಕಾಲುಗಳು ಸ್ತಂಭಗಳಂತೆ ದಪ್ಪವಾಗಿದ್ದು ಶಿರಸ್ಸು ಕಿರಿದಾಗಿದೆ; ಮತ್ತೊಂದರಲ್ಲಿ ಅಂಗಾಂಗಗಳೆಲ್ಲ ಪ್ರಮಾಣಬದ್ಧವಾಗಿವೆ. ಒಂದರಲ್ಲಿ ತೋಳುಗಳನ್ನು ಬಳಸಿದ ಮಾಧವೀಲತೆಯ ಎಲೆ ಎಲೆಯೂ ಎಣಿಸುವಂತಿದೆ. ಬೇರೊಂದರಲ್ಲಿ ಲತೆ ಇದೆಯೆಂಬುದೇ ತಿಳಿಯದು. ಕಲ್ಲು ಒಂದೇ, ಮೂರ್ತಿಯೂ ಒಂದೇ. ವ್ಯತ್ಯಾಸಕ್ಕೆ ಕಾರಣ ಬೆಳಕು, ನೆರಳು ಮತ್ತು ನೋಡುವವನು ನಿಂತ ಸ್ಥಾನ. ಈ ಮೂರರ ಇತಿಹಾಸವನ್ನು ತಿಳಿಯದೆ ಗೊಮ್ಮಟನ ಚಿತ್ರಗಳನ್ನು ಪ್ರಮಾಣವೆಂದು ಸ್ವೀಕರಿಸುವುದು ಸಾಧ್ಯವಿಲ್ಲ.

ಮೂರ್ತಿಯ ಸ್ಥಾಪನೆಯ ವೃತ್ತಾಂತ ವಾಚಕರಿಗೆ ವಿದಿತವಾದುದೇ. ಗಂಗ ದೊರೆ ನಾಲ್ವಡಿ ರಾಚಮಲ್ಲನ ಮಂತ್ರಿಯೂ ಸೇನಾಪತಿಯೂ ಆಗಿದ್ದ ಚಾವುಂಡರಾಯನು ವಿಂಧ್ಯಗಿರಿಯ ನೆತ್ತಿಯಲ್ಲಿ ಇದನ್ನು ಮಾಡಿಸಿದನು. ಕ್ರಿ.ಶ. 978ರಲ್ಲಿ ಮುಗಿದ ಅವನ ಪುರಾಣದಲ್ಲಿ ಮೂರ್ತಿಯ ಉಲ್ಲೇಖವಿಲ್ಲದಿರುವುದರಿಂದ ಪ್ರತಿಷ್ಠೆಯು ಆ ಬಳಿಕ ನಡೆದಿರಬೇಕೆಂದು ವಿದ್ವಾಂಸರು ಊಹಿಸಿದರು. 981 ಎಂಬ ವರ್ಷ ಸಾಮಾನ್ಯವಾಗಿ ಅಂಗೀಕೃತವಾಗಿದೆ. ಪಾದಗಳ ಇಕ್ಕೆಲದ ಶಾಸನಗಳು ಕನ್ನಡ, ತಮಿಳು, ಮರಾಠಿ ಎಂಬ ಮೂರು ಭಾಷೆಗಳಲ್ಲಿ ಚಾವುಂಡರಾಯನು ಮೂರ್ತಿಯನ್ನೂ, ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಸುತ್ತಾಲಯವನ್ನೂ ಮಾಡಿಸಿದ ಸಂಗತಿಯನ್ನು ಹೇಳುತ್ತವೆ. ತೊಡೆಯವರೆಗೆ ಹುತ್ತಗಳೂ ಅವುಗಳಿಂದ ಹೊರಬರುವ ಸರ್ಪಗಳೂ ಇದ್ದು, ಅಲ್ಲಿಂದ ಮೇಲೆ ಯಾವ ಆಧಾರವೂ ಇಲ್ಲದೆ ಮೂರ್ತಿ ಆಕಾಶದ ಹಿನ್ನೆಲೆಯಲ್ಲಿ ನಿಂತಿದೆ. ಛಾಯಾಗ್ರಾಹಕನ ದೃಷ್ಟಿಯಿಂದ ಈ ಕೊನೆಯ ಸಂಗತಿ ಬಹಳ ಮುಖ್ಯವಾದುದು. ಗರ್ಭಗೃಹದ ವಿಗ್ರಹಕ್ಕೆ ಹಿಂದೆ ಗೋಡೆಯಿರುತ್ತದೆ, ಪ್ರಭಾವಳಿಯಿರುತ್ತದೆ, ದೀಪವನ್ನು ಬೇಕಾದ ಕಡೆ ಇಡಬಹುದು. ಬಯಲಿನಲ್ಲಿ ನಿಂತ ಮೂರ್ತಿಗೆ ದೀಪವೆಂದರೆ ಸೂರ್ಯನೊಬ್ಬನೇ; ಹಿನ್ನೆಲೆಯೆಂದರೆ ಆಕಾಶ ಮಾತ್ರ.

ಈ ಸೂರ್ಯನ ವಿಷಯದಲ್ಲಿ ಬೆಳ್ಗೊಳದ ಮೂರ್ತಿಗೆ ಒಂದು ವಿಶೇಷವಿದೆ. ಅದು ಉತ್ತರಾಭಿಮುಖವಾಗಿ ನಿಂತಿದೆ. ಬೆಳ್ಗೊಳವು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 12 ಡಿಗ್ರಿ 51 ಕಲೆಗಳಷ್ಟು ದೂರದಲ್ಲಿದೆ. ಇಂತಹ ಸ್ಥಳದಲ್ಲಿ ವರ್ಷದ ಬಹುಭಾಗ ಮಧ್ಯಾಹ್ನದ ಸೂರ್ಯನು ನೆತ್ತಿಗಿಂತ ದಕ್ಷಿಣಕ್ಕೇ ಇರುತ್ತಾನೆ. ಎಂದರೆ ಸ್ವಾಮಿಯ ಬೆನ್ನ ಕಡೆಗೆ. ಏಪ್ರಿಲ್ ತಿಂಗಳ ಕಡೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ ಮಾತ್ರ ಅವನು ನೆತ್ತಿಯನ್ನು ದಾಟಿ ಉತ್ತರಕ್ಕೆ ವಾಲುತ್ತಾನೆ. ಆಗಲೂ ಆ ವಾಲಿಕೆ ಅತ್ಯಲ್ಪ: ಜೂನ್ 21ರ ಸುಮಾರಿಗೆ ಹೆಚ್ಚೆಂದರೆ ಹತ್ತೂವರೆ ಡಿಗ್ರಿ. ಬಿಸಿಲು ಆಗ ಹಣೆಯ ಮೇಲಿನಿಂದ ನೇರವಾಗಿ ಕೆಳಗಿಳಿಯುತ್ತದೆ. ಹುಬ್ಬಿನ ಕೆಳಗೆ ಕಣ್ಣುಗಳು ಕತ್ತಲಲ್ಲಿ ಮುಳುಗುತ್ತವೆ, ಮೂಗಿನ ನೆರಳು ತುಟಿಯ ಮೇಲೆ ಬೀಳುತ್ತದೆ, ಕೆಳದುಟಿಯ ನೆರಳು ಗಲ್ಲವನ್ನು ಕತ್ತರಿಸುತ್ತದೆ. ಶಿಲ್ಪಿಯು ಅರೆತೆರೆದ ಕಣ್ಣುಗಳಲ್ಲಿ ಇಟ್ಟ ಶಾಂತಿಯನ್ನೂ ತುಟಿಯಂಚಿನಲ್ಲಿ ಇಟ್ಟ ಮಂದಹಾಸವನ್ನೂ ಈ ನೆರಳುಗಳು ಅಳಿಸಿಬಿಡುತ್ತವೆ. ಬೇಸಗೆಯ ನಡುಹಗಲಿನಲ್ಲಿ ತೆಗೆದ ಚಿತ್ರಗಳಲ್ಲಿ ಸ್ವಾಮಿಯ ಮುಖ ಕಠೋರವಾಗಿ ತೋರುವುದು ಇದೇ ಕಾರಣದಿಂದ. ಅನ್ಯದೇಶೀಯರು ಕೆಲವರು ಇಂತಹ ಚಿತ್ರಗಳನ್ನು ನೋಡಿ ಮೂರ್ತಿಯಲ್ಲಿ ಭಾವವಿಲ್ಲವೆಂದು ಭಾವಿಸಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಅವರು ಕಂಡದ್ದು ಶಿಲ್ಪಿಯ ಕೆಲಸವನ್ನಲ್ಲ, ಹನ್ನೆರಡು ಗಂಟೆಯ ಬಿಸಿಲನ್ನು.

ಇದೇ ತಿಂಗಳುಗಳ ಬೆಳಗು ಬೇರೆಯ ಕಥೆ. ಮಾರ್ಚ್ ಕೊನೆಯ ವಿಷುವದಿಂದ ಸೆಪ್ಟೆಂಬರಿನ ವಿಷುವದವರೆಗೆ ಸೂರ್ಯೋದಯವು ನೇರ ಪೂರ್ವಕ್ಕಿಂತ ಉತ್ತರಕ್ಕೆ ಸರಿದಿರುತ್ತದೆ. ಜೂನ್ ಕೊನೆಗೆ ಈ ಸರಿತ ಸುಮಾರು 24 ಡಿಗ್ರಿ. ಆಗ ಮೊದಲ ಕಿರಣಗಳು ಉತ್ತರಾಭಿಮುಖ ಮೂರ್ತಿಯ ಮುಂಭಾಗವನ್ನು ಬಲಗಡೆಯಿಂದ, ಅಂದರೆ ಸ್ವಾಮಿಯ ಬಲತೋಳಿನ ಕಡೆಯಿಂದ, ಓರೆಯಾಗಿ ಸವರಿಕೊಂಡು ಹೋಗುತ್ತವೆ. ಸಂಜೆ ಎಡಗಡೆಯಿಂದ ಅದೇ ರೀತಿ. ನೇರ ಬಿಸಿಲು ಮುಂಭಾಗಕ್ಕೆ ಬಿದ್ದಾಗಲೆಲ್ಲ ಅದು ಬಹುಮಟ್ಟಿಗೆ ಓರೆಯಾಗಿಯೇ ಬೀಳುತ್ತದೆ ಎಂಬುದು ಈ ಮೂರ್ತಿಯ ಭಾಗ್ಯವೇ ಸರಿ. ಓರೆ ಬೆಳಕು ಉಬ್ಬುಶಿಲ್ಪದ ಮಿತ್ರ. ಕಲ್ಲಿನ ಮೇಲೆ ಒಂದೆರಡು ಅಂಗುಲ ಮಾತ್ರ ಎದ್ದು ನಿಂತ ಲತೆಯ ಸುರುಳಿ, ಹುತ್ತದ ಬಾಯಿ, ಸರ್ಪದ ಹೆಡೆ, ತಲೆಯ ಮೇಲಿನ ಸುರುಳಿಗೂದಲು ಇವೆಲ್ಲವೂ ಒಂದೊಂದು ನೆರಳಿನ ಗೆರೆಯನ್ನು ಪಡೆದು ಪ್ರತ್ಯೇಕವಾಗಿ ಕಾಣುತ್ತವೆ. ಕೆಳಗಿಳಿದ ಬೆಳಕು ಹುಬ್ಬಿನ ಕೆಳಗೂ ಸೇರುವುದರಿಂದ ಕಣ್ಣುಗಳು ತೆರೆದುಕೊಳ್ಳುತ್ತವೆ. ಏಪ್ರಿಲ್, ಮೇ ತಿಂಗಳುಗಳ ಪ್ರಾತಃಕಾಲ ಆಕಾಶವೂ ನಿರ್ಮಲವಾಗಿರುವುದರಿಂದ ನುರಿತ ಛಾಯಾಗ್ರಾಹಕನು ಕತ್ತಲಿರುವಾಗಲೇ ಮೆಟ್ಟಿಲು ಹತ್ತುತ್ತಾನೆ.

ಇನ್ನು ಚಳಿಗಾಲದ ಸ್ಥಿತಿ. ಉತ್ತರಾಯಣ ಬಂದ ಮೇಲೂ, ಮಾರ್ಚಿನ ವಿಷುವದವರೆಗೆ ಸೂರ್ಯನು ದಕ್ಷಿಣಾರ್ಧದಲ್ಲಿಯೇ ಇರುತ್ತಾನೆ. ಈ ಅವಧಿಯಲ್ಲಿ ಸ್ವಾಮಿಯ ಮುಖ, ವಕ್ಷ, ಉದರಗಳಿಗೆ ನೇರ ಬಿಸಿಲು ತಾಗುವುದೇ ಇಲ್ಲ. ಇದರ ಪರಿಣಾಮವನ್ನು ಮಹಾಮಸ್ತಕಾಭಿಷೇಕದ ಚಿತ್ರಗಳಲ್ಲಿ ಕಾಣಬಹುದು. ಸಹಸ್ರಾಬ್ದಿಯ ಮಹಾಮಸ್ತಕಾಭಿಷೇಕ ನಡೆದದ್ದು 1981ರ ಫೆಬ್ರವರಿ 22ರಂದು. 2006ರ ಮತ್ತು 2018ರ ಅಭಿಷೇಕಗಳು ಕೂಡ ಫೆಬ್ರವರಿಯಲ್ಲಿಯೇ ಮೊದಲಾದವು, 1993ರದು ಡಿಸೆಂಬರಿನಲ್ಲಿ. ಫೆಬ್ರವರಿ 22ರ ನಡುಹಗಲಿನಲ್ಲಿ ಸೂರ್ಯನು ದಕ್ಷಿಣದಲ್ಲಿ ಸುಮಾರು 67 ಡಿಗ್ರಿ ಎತ್ತರದಲ್ಲಿರುತ್ತಾನೆ. ಮೂರ್ತಿಯ ನೆರಳು ಮುಂದಿನ ಅಂಗಳದಲ್ಲಿ ಸುಮಾರು 24 ಅಡಿ ಉದ್ದಕ್ಕೆ, ಭಕ್ತರು ಕುಳಿತ ಕಡೆಗೇ, ಚಾಚಿಕೊಳ್ಳುತ್ತದೆ. ಕ್ಯಾಮರಾ ಹಿಡಿದವನು ಆಗ ಬೆಳಕಿಗೆ ಎದುರಾಗಿ ನಿಂತಿರುತ್ತಾನೆ. ಆಕಾಶಕ್ಕೆ ಸರಿಯಾಗಿ ಬೆಳಕನ್ನು ಅಳೆದರೆ ಸ್ವಾಮಿ ಕಪ್ಪು ಆಕೃತಿಯಾಗುತ್ತಾನೆ; ಮುಖಕ್ಕೆ ಸರಿಯಾಗಿ ಅಳೆದರೆ ಆಕಾಶ ಬರಿಯ ಬಿಳಿಯಾಗುತ್ತದೆ. ಅಭಿಷೇಕದ ಸಾವಿರಾರು ಹವ್ಯಾಸಿ ಚಿತ್ರಗಳು ಇವೆರಡರಲ್ಲಿ ಒಂದು ಬಗೆಯವು.

ಆದರೂ ಈ ನೆರಳನ್ನು ದೋಷವೆಂದಷ್ಟೇ ಎಣಿಸಬಾರದು. ನೆರಳಿನಲ್ಲಿರುವ ಮುಖಕ್ಕೆ ಉತ್ತರದ ತೆರೆದ ಆಕಾಶದಿಂದಲೂ ಸುತ್ತಲಿನ ನಸುಬಣ್ಣದ ಬಂಡೆಯಿಂದಲೂ ಮೃದುವಾದ ಬೆಳಕು ಮರಳಿ ಬರುತ್ತದೆ. ಈ ಬೆಳಕಿಗೆ ದಿಕ್ಕಿಲ್ಲ, ಕತ್ತರಿಸುವ ಗೆರೆಯಿಲ್ಲ. ಹಳೆಯ ಚಿತ್ರಕಾರರು ತಮ್ಮ ಕೆಲಸದ ಕೋಣೆಗೆ ಉತ್ತರದ ಕಿಟಕಿಯನ್ನು ಅಪೇಕ್ಷಿಸುತ್ತಿದ್ದುದು ಈ ಗುಣಕ್ಕಾಗಿಯೇ. ಗಲ್ಲದ ದುಂಡು, ಎದೆಯ ಸಮತೆ, ಮುಖದ ಸೌಮ್ಯತೆ ಇವನ್ನು ಚಳಿಗಾಲದ ನೆರಳು ತೋರುವಷ್ಟು ಚೆನ್ನಾಗಿ ಬೇಸಗೆಯ ಬಿಸಿಲು ತೋರಲಾರದು. ಅಲ್ಲದೆ ಅಭಿಷೇಕದ ಕ್ಷೀರ, ಇಕ್ಷುರಸ, ಹರಿದ್ರಾಜಲಗಳು ಶಿರಸ್ಸಿನಿಂದ ಇಳಿಯುವಾಗ ಹಿಂದಿನ ಸೂರ್ಯನು ಆ ಧಾರೆಗಳನ್ನು ಬೆಳಗುತ್ತಾನೆ. ನೆರಳಿನ ದೇಹದ ಎದುರು ಧಾರೆಯೇ ದೀಪದಂತೆ ಹೊಳೆಯುತ್ತದೆ. ಭುಜಗಳ ಮೇಲೂ ಕೇಶದ ಅಂಚಿನಲ್ಲಿಯೂ ಬೆಳಕಿನ ಗೆರೆಯೊಂದು ಮೂಡುತ್ತದೆ. ಅಭಿಷೇಕದ ಅತ್ಯುತ್ತಮ ಚಿತ್ರಗಳು ಈ ಎದುರುಬೆಳಕನ್ನು ಉಪಯೋಗಿಸಿಕೊಂಡವೇ ಆಗಿವೆ. ಮುಹೂರ್ತವನ್ನು ನಿಶ್ಚಯಿಸಿದ ಆಚಾರ್ಯರು ಛಾಯಾಗ್ರಾಹಕರನ್ನು ಮನಸ್ಸಿನಲ್ಲಿಟ್ಟುಕೊಂಡಿರಲಿಲ್ಲವೆಂಬುದು ನಿಜ. ಫಲ ಮಾತ್ರ ಅವರಿಗೆ ಅನುಕೂಲವಾಗಿಯೇ ಬಂದಿತು.

ಬೆಳಕಿನಂತೆಯೇ ದೂರವೂ ಮೂರ್ತಿಯನ್ನು ಬದಲಿಸುತ್ತದೆ. ಎತ್ತರದ ವಿಷಯದಲ್ಲಿ ನಡೆದ ಗೊಂದಲವೇ ಇದಕ್ಕೆ ಒಳ್ಳೆಯ ಸಾಕ್ಷಿ. 1801ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಬುಕಾನನ್ ಮೂರ್ತಿಯ ಎತ್ತರವನ್ನು 70 ಅಡಿ 3 ಅಂಗುಲವೆಂದು ಬರೆದನು. ಆರ್ಥರ್ ವೆಲ್ಲೆಸ್ಲಿಯ ಹೆಸರಿನಲ್ಲಿ ಬಂದ ಲೆಕ್ಕ 60 ಅಡಿ 3 ಅಂಗುಲ. ಮೈಸೂರಿನ ಚೀಫ್ ಕಮಿಷನರ್ ಆಗಿದ್ದ ಬೌರಿಂಗ್ ಅಳತೆ ಮಾಡಿಸಿ 57 ಅಡಿ ಎಂದು ನಿಶ್ಚಯಿಸಿದನು. 1871ರ ಅಭಿಷೇಕದ ಸಂದರ್ಭದಲ್ಲಿ ಅಟ್ಟಣಿಗೆಯ ಸಹಾಯದಿಂದ ಅಂಗಾಂಗಗಳನ್ನೂ ಅಳೆಯಲಾಯಿತು: ಪಾದದ ಉದ್ದ 9 ಅಡಿ, ಹೆಬ್ಬೆರಳು 2 ಅಡಿ 9 ಅಂಗುಲ, ನಡುಬೆರಳು 5 ಅಡಿ 3 ಅಂಗುಲ, ಸೊಂಟದ ಅಗಲ 10 ಅಡಿ, ಭುಜಗಳ ಅಗಲ 26 ಅಡಿ. ಬಹುಕಾಲದ ನಂತರ, 1980ರಲ್ಲಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕಲಾ ಇತಿಹಾಸ ಸಂಸ್ಥೆಯು ಥಿಯೊಡೊಲೈಟ್ ಯಂತ್ರದಿಂದ ಅಳೆದು 58 ಅಡಿ 8 ಅಂಗುಲವೆಂದು ಪ್ರಕಟಿಸಿತು. ಪಾದದ ಬಳಿ ನಿಂತು ಕತ್ತೆತ್ತಿ ನೋಡುವವನ ಕಣ್ಣಿಗೆ ಎತ್ತರವನ್ನು ನಿರ್ಣಯಿಸುವ ಶಕ್ತಿಯಿಲ್ಲ. ವಿದ್ವಾಂಸರಿಗೇ ಹತ್ತು ಹನ್ನೆರಡು ಅಡಿಗಳ ಭೇದ ಬಂದಿತೆಂದ ಮೇಲೆ ಸಾಮಾನ್ಯ ಯಾತ್ರಿಕನ ಪಾಡೇನು?

ಕ್ಯಾಮರಾ ಈ ಭ್ರಮೆಯನ್ನು ಕಾಗದದ ಮೇಲೆ ಶಾಶ್ವತಗೊಳಿಸುತ್ತದೆ. ಮೂರ್ತಿಯಿಂದ 40 ಅಡಿ ದೂರದಲ್ಲಿ ಸಮನೆಲದ ಮೇಲೆ ನಿಂತವನಿಗೆ ಪಾದಗಳು 40 ಅಡಿ ದೂರದಲ್ಲಿದ್ದರೆ ಶಿರಸ್ಸು ಸುಮಾರು 65 ಅಡಿ ದೂರದಲ್ಲಿರುತ್ತದೆ. ದೂರದ ವಸ್ತು ಕಿರಿದಾಗಿ ಕಾಣುವುದರಿಂದ ಶಿರಸ್ಸು ತನ್ನ ನಿಜಪ್ರಮಾಣದ ಐದರಲ್ಲಿ ಮೂರು ಪಾಲಿಗೆ ಇಳಿದಂತಾಗುತ್ತದೆ. ಸಾಲದುದಕ್ಕೆ ಇಡೀ ಮೂರ್ತಿ ಚೌಕಟ್ಟಿನೊಳಗೆ ಹಿಡಿಯಲೆಂದು ಕ್ಯಾಮರಾವನ್ನು ಮೇಲಕ್ಕೆ ಓರೆ ಮಾಡಿದರೆ, ನೆಟ್ಟಗಿರಬೇಕಾದ ರೇಖೆಗಳು ಮೇಲೆ ಹೋದಂತೆ ಒಂದನ್ನೊಂದು ಸೇರಲು ಬಾಗುತ್ತವೆ. ಸ್ವಾಮಿ ಹಿಂದಕ್ಕೆ ಒರಗಿದಂತೆ ತೋರುತ್ತದೆ. ಪ್ರತಿಮೆಯ ಮುಂಗಾಲುಗಳು ಗಿಡ್ಡವೆಂದೂ ಭುಜಗಳು ಅತಿವಿಶಾಲವೆಂದೂ ಟೀಕಿಸಿದವರುಂಟು. ಆದರೆ 26 ಅಡಿ ಅಗಲದ ಭುಜಗಳನ್ನು ಸ್ಥಪತಿಯು ಕಡೆದದ್ದು ಕೆಳಗಿನಿಂದ ಕತ್ತೆತ್ತಿ ನೋಡುವ ಶ್ರಾವಕನಿಗಾಗಿ. ಅಷ್ಟು ಎತ್ತರದಲ್ಲಿ ಭುಜಗಳು ಕಿರಿದಾಗಿ ಕಾಣುವುದನ್ನು ಆತನು ಬಲ್ಲವನಾಗಿದ್ದನೆಂದು ತಿಳಿಯುವುದೇ ಹೆಚ್ಚು ಯುಕ್ತ. ಸುಮಾರು 1180ರಲ್ಲಿ ಬೊಪ್ಪಣ ಪಂಡಿತನು ರಚಿಸಿದ ಶಾಸನಕಾವ್ಯವು ಔನ್ನತ್ಯವಿರುವಲ್ಲಿ ಸೌಂದರ್ಯ ದುರ್ಲಭವೆಂದೂ ಇಲ್ಲಿ ಎರಡೂ ಅತಿಶಯದೊಡನೆ ಕೂಡಿವೆಯೆಂದೂ ಕೊಂಡಾಡುತ್ತದೆ. ಆ ಕವಿಯು ನೋಡಿದ್ದು ನೆಲದ ಮೇಲೆ ನಿಂತೇ.

ಈ ತೊಡಕಿಗೆ ಪರಿಹಾರ ಮೂರು ಬಗೆಯಾಗಿ ದೊರೆತಿದೆ. ಹಳೆಯ ಕಾಲದ ದೊಡ್ಡ ಮರದ ಕ್ಯಾಮರಾಗಳಲ್ಲಿ ಲೆನ್ಸನ್ನು ಮಾತ್ರ ಮೇಲಕ್ಕೆ ಸರಿಸುವ ಏರ್ಪಾಡಿತ್ತು. ಕ್ಯಾಮರಾದ ಬೆನ್ನು ನೆಟ್ಟಗೆ ನಿಂತಿರುತ್ತಿತ್ತು. ಹೀಗೆ ತೆಗೆದಾಗ ನೆಟ್ಟ ರೇಖೆಗಳು ನೆಟ್ಟಗೆ ಉಳಿಯುತ್ತವೆ, ಪ್ರಮಾಣವೂ ಕೆಡುವುದಿಲ್ಲ. ಪುರಾತತ್ವ ಇಲಾಖೆಗಳ ಹಳೆಯ ಚಿತ್ರಗಳು ಇಂದಿನ ಕೈಕ್ಯಾಮರಾದ ಚಿತ್ರಗಳಿಗಿಂತ ಗಂಭೀರವಾಗಿ ಕಾಣುವುದಕ್ಕೆ ಇದೂ ಒಂದು ಕಾರಣ. ಆದರೆ ಗಲ್ಲವನ್ನು ಕೆಳಗಿನಿಂದ ನೋಡುವ ದೋಷ ಇದರಿಂದ ಹೋಗದು. ಅದಕ್ಕೆ ಅಭಿಷೇಕದ ಅಟ್ಟಣಿಗೆಯೇ ಶರಣು. ಹನ್ನೆರಡು ವರ್ಷಗಳಿಗೊಮ್ಮೆ ಎಂಬ ರೂಢಿಯಿದ್ದರೂ ಅಂತರ ಹೆಚ್ಚುಕಡಮೆಯಾಗುತ್ತಲೇ ಬಂದ ಈ ಮಹೋತ್ಸವಗಳಲ್ಲಿ ಮಾತ್ರ, ಸ್ವಾಮಿಯ ಮುಖವನ್ನು ಮುಖದ ಮಟ್ಟದಿಂದಲೇ ನೋಡುವ ಅವಕಾಶ ಮನುಷ್ಯನಿಗೆ ದೊರೆಯುತ್ತದೆ.

ಮೂರನೆಯ ಮಾರ್ಗ ದೂರ ಸರಿಯುವುದು. ಸುತ್ತಾಲಯದ ಅಂಗಳದಲ್ಲಿ ಅದಕ್ಕೆ ಎಡೆಯಿಲ್ಲ. ಮುಂದೆ ಮಂಟಪವಿದೆ, ಅದರ ನಡುಛತ್ತಿನಲ್ಲಿ ಕಲಶ ಹಿಡಿದ ಇಂದ್ರನೂ ಸುತ್ತ ದಿಕ್ಪಾಲಕರೂ ಇದ್ದಾರೆ. ಆಚೆ ಗುಳ್ಳಕಾಯಜ್ಜಿಯ ಮೂರ್ತಿ. ಇನ್ನೂ ಹಿಂದೆ ಸರಿದರೆ ಗೋಡೆ ಅಡ್ಡ. ಆದರೆ ಉತ್ತರಕ್ಕೆ, ಊರನ್ನೂ ಕಲ್ಯಾಣಿಯನ್ನೂ ದಾಟಿದರೆ, ಚಂದ್ರಗಿರಿಯಿದೆ. ಅದರ ಎತ್ತರ ಸಮುದ್ರಮಟ್ಟದಿಂದ 3052 ಅಡಿ. ವಿಂಧ್ಯಗಿರಿಯದು 3347 ಅಡಿ. ಚಂದ್ರಗಿರಿಯ ಮೇಲಿನಿಂದ ದೂರದೃಷ್ಟಿಯ ಲೆನ್ಸ್ ಹಿಡಿದವನಿಗೆ ಗೋಡೆಯ ಮೇಲೆದ್ದ ಶಿರಸ್ಸೂ ಭುಜಗಳೂ ಬಹುಮಟ್ಟಿಗೆ ನೇರವಾಗಿ, ಪ್ರಮಾಣ ಕೆಡದೆ ಕಾಣುತ್ತವೆ. ದೂರ ಹೆಚ್ಚಿದಂತೆ ಹತ್ತಿರದ ಅಂಗಕ್ಕೂ ಮೇಲಿನ ಅಂಗಕ್ಕೂ ಇರುವ ಅಂತರ ನಗಣ್ಯವಾಗುತ್ತದೆ: 400 ಅಡಿಗಳಾಚೆ ನಿಂತರೂ ಸಾಕು, ಪಾದಕ್ಕೂ ಶಿರಸ್ಸಿಗೂ ದೂರದ ಭೇದ ಮೂರ್ನಾಲ್ಕು ಅಡಿ ಮಾತ್ರ. ಚಾವುಂಡರಾಯನು ಚಂದ್ರಗಿರಿಯಿಂದ ಎದುರಿನ ಬೆಟ್ಟಕ್ಕೆ ಬಾಣ ಬಿಟ್ಟಾಗ ಗೊಮ್ಮಟನು ಗೋಚರಿಸಿದನೆಂಬ ಐತಿಹ್ಯವನ್ನು ಎಲ್ಲರೂ ಬಲ್ಲರು. ಛಾಯಾಗ್ರಾಹಕರಿಗೂ ಮೂರ್ತಿಯ ನಿಜವಾದ ಪ್ರಮಾಣ ಗೋಚರಿಸುವುದು ಆ ಬಾಣದ ಹಾದಿಯಲ್ಲಿಯೇ.

ಇನ್ನು ಕರ್ನಾಟಕದ ಶಿಲ್ಪಗಳಿಗೆ ಛಾಯಾಚಿತ್ರ ಮೊದಲು ಬಂದ ಬಗೆಯನ್ನು ನೋಡಬಹುದು. ಇಂಗ್ಲೆಂಡಿನ ಟಾಲ್ಬಟ್ ಕಾಗದದ ನೆಗೆಟಿವ್ ವಿಧಾನಕ್ಕೆ 1841ರಲ್ಲಿ ಹಕ್ಕು ಪಡೆದನು. ಹದಿಮೂರೇ ವರ್ಷಗಳಲ್ಲಿ, 1854ರ ಡಿಸೆಂಬರಿನಲ್ಲಿ, ಮದರಾಸು ಸೇನೆಯ ಲಿನಿಯಸ್ ಟ್ರೈಪ್ ಎಂಬ ಅಧಿಕಾರಿ ಹಳೇಬೀಡು ಬೇಲೂರುಗಳಿಗೆ ಬಂದು ಚಿತ್ರಗಳನ್ನು ತೆಗೆದನು. ಆ ಪ್ರದೇಶದ ದೇವಾಲಯಗಳನ್ನು ಅದೇ ಕಾಲದಲ್ಲಿ ಚಿತ್ರಿಸಿದ ಮತ್ತೊಬ್ಬನು ವೈದ್ಯನಾದ ನೀಲ್. 1855ರಲ್ಲಿ ಮದರಾಸಿನಲ್ಲಿ ನಡೆದ ವಸ್ತುಪ್ರದರ್ಶನದಲ್ಲಿ ಟ್ರೈಪನು 68 ಚಿತ್ರಗಳನ್ನಿರಿಸಿ ತೀರ್ಪುಗಾರರ ಮನ್ನಣೆ ಗಳಿಸಿದನು. ನೀಲ್, ಪಿಗೌ, ಬಿಗ್ಸ್ ಇವರ ಚಿತ್ರಗಳು 1866ರಲ್ಲಿ ಧಾರವಾಡ ಮತ್ತು ಮೈಸೂರುಗಳ ವಾಸ್ತುವನ್ನು ಕುರಿತ ದೊಡ್ಡ ಗ್ರಂಥವಾಗಿ ಲಂಡನ್ನಿನಲ್ಲಿ ಪ್ರಕಟವಾದವು. ಅದಕ್ಕೆ ಮೆಡೋಸ್ ಟೇಲರ್ ಮತ್ತು ಫರ್ಗ್ಯುಸನ್ ವಿವರಣೆ ಬರೆದರು. ಫರ್ಗ್ಯುಸನ್ನನು ಭಾರತೀಯ ವಾಸ್ತುವಿನ ಇತಿಹಾಸವನ್ನು 1876ರಲ್ಲಿ ಹೊರತಂದಾಗ ಅವನ ಬಳಿ ಮೂರು ಸಾವಿರಕ್ಕೂ ಮಿಕ್ಕಿ ಛಾಯಾಚಿತ್ರಗಳಿದ್ದವು. ಈಜಿಪ್ಟಿನ ಹೊರಗೆ ಗೊಮ್ಮಟನಷ್ಟು ಭವ್ಯವಾದುದು ಬೇರಿಲ್ಲವೆಂದು ಅವನು ಬರೆದುದು ಪಾಶ್ಚಾತ್ಯ ವಿದ್ವಾಂಸರ ಗಮನವನ್ನು ಬೆಳ್ಗೊಳದ ಕಡೆಗೆ ಸೆಳೆಯಿತು. ಸಾವಿರಾರು ಮೈಲಿಗಳಾಚೆ ಕುಳಿತು ಶಿಲ್ಪಗಳ ಗುಣದೋಷ ನಿರ್ಣಯಿಸುವ ಪದ್ಧತಿ ಆರಂಭವಾದದ್ದು ಈ ಕಾಲದಲ್ಲಿ. ಅದರ ಲಾಭದೊಡನೆ ಅಪಾಯವೂ ಬಂದಿತು. ಚಿತ್ರದಲ್ಲಿ ಕಾಣದಿದ್ದುದು ಶಿಲ್ಪದಲ್ಲಿಯೂ ಇಲ್ಲವೆಂದು ಭಾವಿಸುವುದು ಸುಲಭವಾಯಿತು.

ಆ ಕಾಲದ ಕೆಲಸದ ಕಷ್ಟ ಇಂದಿನವರಿಗೆ ಊಹೆಗೂ ನಿಲುಕದು. ಕಾಗದದ ನೆಗೆಟಿವಿಗೆ ಬೆಳಕು ತೋರಲು ಹಲವು ನಿಮಿಷಗಳು ಬೇಕಾಗುತ್ತಿದ್ದವು. ಅಷ್ಟರಲ್ಲಿ ಎಲೆ ಅಲುಗಿ ಮಸುಕಾಗುತ್ತಿತ್ತು, ನಡೆದು ಹೋದ ಮನುಷ್ಯನು ಮಾಯವಾಗುತ್ತಿದ್ದನು. ಅಲುಗದೆ ನಿಲ್ಲುತ್ತಿದ್ದುದು ಕಲ್ಲು ಮಾತ್ರ. ಆರಂಭದ ಛಾಯಾಗ್ರಾಹಕರು ದೇವಾಲಯ ಬಸದಿಗಳಿಗೆ ಒಲಿದದ್ದಕ್ಕೆ ಕಲಾಭಿಮಾನದಷ್ಟೇ ಇದೂ ಕಾರಣವಾಗಿದ್ದೀತು. 1851ರಲ್ಲಿ ಆರ್ಚರ್ ಕಂಡುಹಿಡಿದ ಗಾಜಿನ ಒದ್ದೆ ಫಲಕದ ವಿಧಾನದಲ್ಲಿ ಚಿತ್ರ ಸೂಕ್ಷ್ಮವಾಗಿ ಬರುತ್ತಿತ್ತು. ಆದರೆ ಫಲಕ ಒಣಗುವ ಮುನ್ನ ಎಲ್ಲ ಕೆಲಸವೂ ಮುಗಿಯಬೇಕಾದ್ದರಿಂದ ಕತ್ತಲೆಯ ಗುಡಾರ, ರಾಸಾಯನಿಕಗಳು, ನೀರು ಎಲ್ಲವನ್ನೂ ಜತೆಯಲ್ಲಿ ಹೊರಬೇಕಾಗಿತ್ತು. ವಿಂಧ್ಯಗಿರಿಯಂತಹ ಬೋಳು ಬಂಡೆಯ ಮೇಲೆ ಇವನ್ನು ಹೊತ್ತು ಏರುವುದೆಂದರೆ ಸಾಮಾನ್ಯವಲ್ಲ. 1871ರಲ್ಲಿ ಮ್ಯಾಡಾಕ್ಸ್ ಸೂಚಿಸಿದ ಒಣ ಫಲಕ ರೂಢಿಗೆ ಬಂದ ಮೇಲೆ ಈ ಹೊರೆ ಇಳಿಯಿತು.

ಇನ್ನೊಂದು ತೊಡಕು ಆಕಾಶದ್ದು. ಹಳೆಯ ಫಲಕಗಳಿಗೆಲ್ಲ ನೀಲಿ ಬಣ್ಣವೇ ಅತಿಯಾಗಿ ತಾಗುತ್ತಿತ್ತು; ಕೆಂಪು ಹಳದಿಗಳು ಹೆಚ್ಚುಕಡಮೆ ತಾಗುತ್ತಿರಲಿಲ್ಲ. ಆದ್ದರಿಂದ ಎಷ್ಟೇ ಗಾಢವಾದ ನೀಲಾಕಾಶವಿದ್ದರೂ ಚಿತ್ರದಲ್ಲಿ ಬರಿಯ ಬಿಳಿಯ ಕಾಗದವಾಗುತ್ತಿತ್ತು. ಟ್ರೈಪನು ತನ್ನ ನೆಗೆಟಿವುಗಳ ಮೇಲೆ ಕುಂಚದಿಂದ ಮೋಡಗಳನ್ನು ಬಿಡಿಸುತ್ತಿದ್ದುದು ಈ ಬರಿದನ್ನು ತುಂಬಲೆಂದೇ. ತೊಡೆಯಿಂದ ಮೇಲೆ ಪೂರ್ತಿ ಆಕಾಶದ ಎದುರೇ ನಿಂತ ಗೊಮ್ಮಟನಿಗೆ ಇದರಿಂದಾದ ನಷ್ಟ ಎಲ್ಲಕ್ಕಿಂತ ಹೆಚ್ಚು. ನಸುಬೂದಿ ಬಣ್ಣದ ಬಿಸಿಲು ಬಿದ್ದ ಭುಜವೂ ಬಿಳಿಯ ಆಕಾಶವೂ ಒಂದರಲ್ಲೊಂದು ಕರಗಿ ಅಂಚೇ ಕಾಣದಾಗುತ್ತಿತ್ತು. ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಪಾಂಕ್ರೊಮ್ಯಾಟಿಕ್ ಫಲಕಗಳು ಇಪ್ಪತ್ತನೆಯ ಶತಮಾನದಲ್ಲಿ ಬಳಕೆಗೆ ಬಂದ ಮೇಲೆ, ಲೆನ್ಸಿನ ಮುಂದೆ ಹಳದಿ ಅಥವಾ ಕೆಂಪು ಗಾಜನ್ನಿಟ್ಟು ನೀಲಿಯನ್ನು ತಡೆಯುವುದು ಸಾಧ್ಯವಾಯಿತು. ಆಕಾಶ ಕಪ್ಪಾಗಿ, ಅದರ ಎದುರು ಮೂರ್ತಿ ಬೆಳಗಿ ನಿಂತ ಕಪ್ಪು ಬಿಳುಪಿನ ಪ್ರಸಿದ್ಧ ಚಿತ್ರಗಳೆಲ್ಲ ಈ ಗಾಜಿನ ಪ್ರಸಾದ. ಕ್ಯಾಲೆಂಡರುಗಳಲ್ಲಿ ಅಚ್ಚಾದ ಆ ಚಿತ್ರಗಳನ್ನು ನೋಡಿ ಬೆಳೆದವರು ಬೆಟ್ಟದ ಮೇಲೆ ನಿಜವಾದ ಆಕಾಶವು ಅಷ್ಟು ಕರಿದಾಗಿಲ್ಲದುದನ್ನು ಕಂಡು ತುಸು ನಿರಾಶರಾದದ್ದೂ ಉಂಟು.

ಶಾಸ್ತ್ರೀಯ ಉದ್ದೇಶದ ಚಿತ್ರಗಳಲ್ಲಿ ಮೈಸೂರು ಪುರಾತತ್ವ ಇಲಾಖೆಯ ಕಾರ್ಯ ಸ್ಮರಣೀಯ. ಲೂಯಿ ರೈಸ್ ಬೆಳ್ಗೊಳದ ಶಾಸನಗಳ ಸಂಪುಟವನ್ನು 1889ರಲ್ಲಿ ಪ್ರಕಟಿಸಿದನು, ಆರ್. ನರಸಿಂಹಾಚಾರ್ಯರು ಅದನ್ನು ವಿಸ್ತರಿಸಿ 1923ರಲ್ಲಿ ಹೊರತಂದ ಆವೃತ್ತಿಯಲ್ಲಿ ಮೂರ್ತಿಯ ಮತ್ತು ಬಸದಿಗಳ ಛಾಯಾಚಿತ್ರಗಳು ಸೇರಿದವು. ಆ ಚಿತ್ರಗಳಿಗೆ ಭಕ್ತಿಯ ಮೆರುಗಿಲ್ಲ. ಆದರೆ ನೂರು ವರ್ಷಗಳ ಹಿಂದೆ ಮೂರ್ತಿಯ ಮೈ ಹೇಗಿತ್ತು, ಸುತ್ತಾಲಯ ಹೇಗಿತ್ತು ಎಂಬುದಕ್ಕೆ ಅವೇ ಆಧಾರ. ಇದೇ ಕಾಲದಲ್ಲಿ ಮಹಾಮಸ್ತಕಾಭಿಷೇಕಗಳೂ ಕ್ಯಾಮರಾದ ಕಣ್ಣಿಗೆ ಬಿದ್ದವು. 1910, 1925, 1940ರ ಅಭಿಷೇಕಗಳ ಕಾಲದಿಂದ ಕ್ಯಾಮರಾ ಜನರ ಕೈಗೆ ಹೆಚ್ಚು ಹೆಚ್ಚಾಗಿ ಬರುತ್ತ ಹೋಯಿತು. 1981ರಲ್ಲಿ ವರ್ಣಚಿತ್ರವೂ ಚಲನಚಿತ್ರವೂ ಸಾಮಾನ್ಯವಾಗಿದ್ದವು. ಪ್ರಧಾನಿ ಇಂದಿರಾ ಗಾಂಧಿಯವರು ಹೆಲಿಕಾಪ್ಟರಿನಿಂದ ಪುಷ್ಪವೃಷ್ಟಿ ಮಾಡಿದ್ದು ಆಗಲೇ. ಸಹಸ್ರ ವರ್ಷಗಳ ಕಾಲ ಕೆಳಗಿನಿಂದ ಮಾತ್ರ ನೋಡಲ್ಪಟ್ಟ ಮೂರ್ತಿಯನ್ನು ಮೇಲಿನಿಂದ ನೋಡುವ ಕೋನವೂ ಹೀಗೆ ಸೇರಿಕೊಂಡಿತು. ಅದೇ ತಿಂಗಳು ಭಾರತ ಸರ್ಕಾರವು ಗೊಮ್ಮಟನ ಚಿತ್ರವುಳ್ಳ ಒಂದು ರೂಪಾಯಿಯ ಅಂಚೆಚೀಟಿಯನ್ನು ಹೊರಡಿಸಿತು. 57 ಅಡಿಯ ಮೂರ್ತಿ ಒಂದೆರಡು ಅಂಗುಲದ ಕಾಗದದಲ್ಲಿ ಊರೂರಿಗೆ ಹೋಯಿತು.

ಕರಾವಳಿಯ ಗೊಮ್ಮಟರ ಸ್ಥಿತಿ ಬೇರೆ. 1432ರಲ್ಲಿ ಭೈರರಸ ವೀರಪಾಂಡ್ಯನು ಕಾರ್ಕಳದಲ್ಲಿ ನಿಲ್ಲಿಸಿದ ಸುಮಾರು 42 ಅಡಿಯ ಮೂರ್ತಿಯೂ, 1604ರಲ್ಲಿ ತಿಮ್ಮರಾಜ ಅಜಿಲನು ಫಲ್ಗುಣಿಯ ದಡದ ವೇಣೂರಿನಲ್ಲಿ ನಿಲ್ಲಿಸಿದ 35 ಅಡಿಯ ಮೂರ್ತಿಯೂ ಧಾರಾಕಾರ ಮಳೆಯ ನಾಡಿನಲ್ಲಿವೆ. ಮಳೆಯಲ್ಲಿ ನೆನೆದ ಕಲ್ಲು ಕಪ್ಪಾಗುತ್ತದೆ, ಪಾಚಿ ಹತ್ತುತ್ತದೆ. ಕಪ್ಪು ಕಲ್ಲು ಬೆಳಕನ್ನು ಹೀರುವುದರಿಂದ ನೆರಳೂ ಮೈಯೂ ಬೇರೆಯಾಗಿ ಕಾಣಲು ಹೆಚ್ಚು ಬಿಸಿಲು ಬೇಕು. ವೇಣೂರಿನ ಸ್ವಾಮಿ ಪಶ್ಚಿಮಾಭಿಮುಖ. ಬೆಳ್ಗೊಳದಲ್ಲಿ ಬೇಸಗೆಗೆ ಕಾಯಬೇಕಾದರೆ ವೇಣೂರಿನಲ್ಲಿ ಸಾಯಂಕಾಲಕ್ಕೆ ಕಾದರೆ ಸಾಕು. ವರ್ಷದ ಯಾವ ಋತುವಿನಲ್ಲಾದರೂ ಇಳಿಬಿಸಿಲು ಮುಖವನ್ನು ತಲಪುತ್ತದೆ. ಮೋಡವಿಲ್ಲದಿರಬೇಕು, ಅಷ್ಟೆ.

ಬೃಹನ್ಮೂರ್ತಿಗಳಿಗಿಂತ ಹೆಚ್ಚಾಗಿ ಬೆಳಕಿನ ಕೋನವನ್ನು ಬೇಡುವವು ಬಯಲಿನಲ್ಲಿರುವ ಶಾಸನಗಳು. ಚಂದ್ರಗಿರಿಯ ಬಂಡೆಗಳ ಮೇಲೆ, ಪಾರ್ಶ್ವನಾಥ ಬಸದಿಯ ಸಮೀಪದ ಸುಮಾರು ಆರು ಏಳನೆಯ ಶತಮಾನದ ಪ್ರಾಚೀನ ಶಾಸನ ಮೊದಲ್ಗೊಂಡು, ಸಲ್ಲೇಖನ ವ್ರತದಿಂದ ದೇಹವನ್ನು ತ್ಯಜಿಸಿದ ಮುನಿಗಳ, ಆರ್ಯಿಕೆಯರ, ಶ್ರಾವಕರ ಹೆಸರುಗಳು ಕೆತ್ತಲ್ಪಟ್ಟಿವೆ. ಎಷ್ಟೋ ಅಕ್ಷರಗಳ ಆಳ ಉಗುರಿನ ದಪ್ಪಕ್ಕಿಂತ ಹೆಚ್ಚಿಲ್ಲ. ನಡುಹಗಲಿನಲ್ಲಿ ಅವುಗಳ ಮೇಲೆ ನಿಂತವನಿಗೂ ಅವು ಕಾಣುವುದಿಲ್ಲ. ಸೂರ್ಯನು ದಿಗಂತದ ಬಳಿಯಿರುವಾಗ ಒಂದು ಗಳಿಗೆ ಮಾತ್ರ ಸಾಲುಸಾಲಾಗಿ ಎದ್ದು ಬರುತ್ತವೆ, ಮತ್ತೆ ಅಡಗುತ್ತವೆ. ಹಳೆಯ ಶಾಸನತಜ್ಞರು ಒದ್ದೆ ಕಾಗದವನ್ನು ಕಲ್ಲಿಗೆ ಬಡಿದು ಮಸಿಯ ಪಡಿಯಚ್ಚು ತೆಗೆಯುತ್ತಿದ್ದರು. ಓರೆಬೆಳಕಿನ ಛಾಯಾಚಿತ್ರವು ಕಲ್ಲನ್ನು ಮುಟ್ಟದೆಯೇ ಆ ಕೆಲಸವನ್ನು ಮಾಡಬಲ್ಲುದು. ಮಳೆಗಾಳಿಗಳಿಂದಲೂ ಕಾಲ್ತುಳಿತದಿಂದಲೂ ಸವೆಯುತ್ತಿರುವ ಅಕ್ಷರಗಳ ವಿಷಯದಲ್ಲಿ ಇದು ಸಣ್ಣ ಉಪಕಾರವಲ್ಲ.

ಪ್ರತಿಷ್ಠೆ, ಜೀರ್ಣೋದ್ಧಾರಗಳ ಸಂದರ್ಭದಲ್ಲಿ ಈ ವಿಷಯಕ್ಕೆ ಇನ್ನೊಂದು ಮುಖವೂ ಇದೆ. ಪ್ರಾಚೀನ ವಸ್ತುಗಳು ಮತ್ತು ಕಲಾನಿಧಿಗಳ ಅಧಿನಿಯಮ 1972ರಲ್ಲಿ ಅಂಗೀಕೃತವಾಗಿ 1976ರಲ್ಲಿ ಜಾರಿಗೆ ಬಂದಿತು. ಅದರಂತೆ ವಿಗ್ರಹಗಳನ್ನು ನೋಂದಾಯಿಸುವಾಗ ಛಾಯಾಚಿತ್ರವನ್ನು ಒದಗಿಸಬೇಕಾಗುತ್ತದೆ. ಕಳವಾದ ಪ್ರತಿಮೆ ಬೇರೆಲ್ಲೋ ಸಿಕ್ಕಾಗ ಇದು ಇಂಥ ಬಸದಿಯದೆಂದು ಸಾಧಿಸಲು ಸಾಕ್ಷಿಯಾಗಿ ಉಳಿಯುವುದು ಬಹುಶಃ ಆ ಚಿತ್ರವೊಂದೇ. ಹೂಮಾಲೆಗಳಿಂದ ಮುಚ್ಚಿದ, ಫ್ಲಾಷ್ ಬೆಳಕಿನಿಂದ ಚಪ್ಪಟೆಯಾದ ಉತ್ಸವದ ಚಿತ್ರ ಈ ಕೆಲಸಕ್ಕೆ ಬರುವುದಿಲ್ಲ. ಅಲಂಕಾರವಿಲ್ಲದೆ, ಮುಂದಿನಿಂದಲೂ ಬೆನ್ನಿನಿಂದಲೂ ಎರಡು ಪಾರ್ಶ್ವಗಳಿಂದಲೂ, ಲಾಂಛನವೂ ಪೀಠದ ಬರಹವೂ ಕಾಣುವಂತೆ, ಓರೆಯಾದ ಬೆಳಕಿನಲ್ಲಿ, ಪಕ್ಕದಲ್ಲಿ ಒಂದು ಅಳತೆಗೋಲನ್ನಿಟ್ಟು ತೆಗೆದ ಚಿತ್ರವೇ ಬೇಕು. ಅದರ ಹಿಂದೆ ದಿನಾಂಕವನ್ನೂ ಸ್ಥಳವನ್ನೂ ಬರೆದಿರಬೇಕು. ಬಸದಿಯ ಹೊರಗಿನ ಮಾನಸ್ತಂಭ, ನಿಷಿಧಿಗಲ್ಲು, ಕ್ಷೇತ್ರಪಾಲರ ಶಿಲೆಗಳನ್ನು ಎಷ್ಟೋ ಕಡೆ ಯಾರೂ ಹೀಗೆ ಚಿತ್ರಿಸಿಟ್ಟಿಲ್ಲ.

ಅಳತೆಗೋಲಿನ ಮಾತಿಗೆ ಬೆಳ್ಗೊಳದಲ್ಲಿಯೇ ಪ್ರಾಚೀನ ನಿದರ್ಶನವಿದೆ. ಗೊಮ್ಮಟನ ಎಡಪಾದದ ಬಳಿ, ಪೀಠದ ಮೇಲೆ, 3 ಅಡಿ 4 ಅಂಗುಲ ಉದ್ದದ ಮಾನದಂಡವೊಂದನ್ನು ಕೆತ್ತಲಾಗಿದೆ. ಮೂರ್ತಿಯ ಪೂರ್ಣಚಿತ್ರಗಳಲ್ಲಿ ಅದು ಕಾಣುವುದು ಅಪರೂಪ. ಬೇಸಗೆಯ ಬೆಳಗಿನಲ್ಲಿ ಪೂರ್ವೋತ್ತರದಿಂದ ಬರುವ ಬಿಸಿಲು ಸುತ್ತಾಲಯದ ಗೋಡೆಯನ್ನು ದಾಟಿ ಪಾದಪೀಠಕ್ಕೆ ಇಳಿಯುವಷ್ಟರಲ್ಲಿ ಮುಖದ ಮೇಲಿನ ಒಳ್ಳೆಯ ಬೆಳಕು ಕಳೆದಿರುತ್ತದೆ. ಛಾಯಾಗ್ರಾಹಕನೂ ಆ ವೇಳೆಗೆ ಕ್ಯಾಮರಾವನ್ನು ಮಡಿಸಿ ಮೆಟ್ಟಿಲಿಳಿಯುತ್ತಿರುತ್ತಾನೆ.